ಗುಂಪಿನ ಒಳಗೆ, ಗುಂಪಿನ ಹೊರಗೆ



ಪ್ಲಸ್ ಟೂ ಫಲಿತಾಂಶ ಬಂದಿತೆಂದರೆ ತಮಿಳುನಾಡಿನ ಗಡಿಯ ಕೆಲಮಂಗಲದ ಸುತ್ತಿನ ಮನೆಗಳಲ್ಲಿ ಒಂದೇ ಮಾತು. ಮಗ ಇಂಜಿನಿಯರಿಂಗ್ ಬೇಡ, ಬಿಬಿಎ ಮಾಡುತ್ತೇನೆ ಅನ್ನುತ್ತಾನೆ. ಮಗಳು ಬಿ.ಕಾಂ. ಜೊತೆಗೇ ಸಿಎ ಕಟ್ಟುತ್ತೇನೆ ಅನ್ನುತ್ತಾಳೆ. ಹೊಸೂರಿನಲ್ಲೇ ಓದಲಿ ಎಂದು ಅಜ್ಜಿ, ಬೆಂಗಳೂರಿಗೇ ಹೋಗಲಿ ಎಂದು ಸೋದರಮಾವ. ಈಚೆಗೆ ಈ ಮಾತುಕತೆಯಲ್ಲಿ ಇನ್ನೊಂದು ಹೆಸರೂ ಸೇರಿಕೊಂಡಿದೆ. 1973ರಲ್ಲಿ ಶುರುವಾದ ಬೆಂಗಳೂರಿನ ಐಐಎಂ ಬಹುಕಾಲ ಪದವಿ ಮುಗಿಸಿ ಬಂದವರಿಗೇ ಪಾಠ ಹೇಳುತ್ತಿದ್ದ ಸಂಸ್ಥೆ. ಅದು ಈಗ ಆನೇಕಲ್ ತಾಲ್ಲೂಕಿನ ಜಿಗಣಿಯ ಬಳಿಯ ಹೊಸ ಆವರಣದಲ್ಲಿ, ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಅರ್ಥಶಾಸ್ತ್ರ ಮತ್ತು ಡೇಟಾ ಸೈನ್ಸ್ ಪದವಿಗಳನ್ನು 2026ರಿಂದ ಆರಂಭಿಸುವುದಾಗಿ ಪ್ರಕಟಿಸಿದೆ. ಇಂದೋರಿನ ಐಐಎಂ 2011ರಲ್ಲೇ ಐದು ವರ್ಷದ ಕೋರ್ಸು ತೆರೆದಿತ್ತು. ಆಮೇಲೆ ರೋಹ್ಟಕ್, ರಾಂಚಿ, ಬೋಧ್‌ಗಯಾ, ಜಮ್ಮು ಅದೇ ದಾರಿ ಹಿಡಿದವು. ಜಿಗಣಿಯಾದರೋ ನಮಗೆ ಪಕ್ಕದ ಊರಿದ್ದ ಹಾಗೆ, ಹೊಸೂರು, ಅತ್ತಿಬೆಲೆ ದಾಟಿದರೆ ಬಂತು.

ಸೀಟು ಸಿಗುತ್ತದೆಯೇ, ಫೀಸು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಸೀಟು ಸಿಕ್ಕಿದ ಮೇಲೆ ತರಗತಿಯ ಒಳಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ವಾಣಿಜ್ಯ ಪಾಠ ಹೇಳಿಕೊಂಡು ಬಂದವನಾದ್ದರಿಂದ ನಾನು ಆ ಕಡೆಯ ವಿಷಯವನ್ನೇ ಇವತ್ತು ಎತ್ತಿಕೊಂಡಿದ್ದೇನೆ. ತಮ್ಮ ತಮ್ಮ ಶಾಲೆಯಲ್ಲಿ ಮೊದಲನೆಯವರಾಗಿ ಬಂದ ಅರವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಅವರು ಒಬ್ಬರಿನ್ನೊಬ್ಬರ ಕೈ ಹಿಡಿಯುತ್ತಾರೋ, ಕಾಲು ಎಳೆಯುತ್ತಾರೋ?

ದೊಡ್ಡವರ ಉತ್ತರ ಸಿದ್ಧವಾಗಿಯೇ ಇರುತ್ತದೆ. "ಈಗಿನ ಹುಡುಗರು ಸ್ವಾರ್ಥಿಗಳು ಸಾರ್, ಒಂದು ನೋಟ್ಸ್ ಕೊಡುವುದಿಲ್ಲ." ಈ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಹುಡುಗ ಒಂದು ಕಡೆ ಧಾರಾಳಿ, ಇನ್ನೊಂದು ಕಡೆ ಜಿಪುಣನಾಗಿರುವುದನ್ನು ಕಂಡಿದ್ದೇನೆ. ವ್ಯತ್ಯಾಸ ಇರುವುದು ಅಂಕ ಹಂಚುವ ಲೆಕ್ಕದಲ್ಲಿ.

ಹೇಗೆ ಎಂದು ಹೇಳುತ್ತೇನೆ. ಬೆಂಗಳೂರಿನಲ್ಲಿ ಬಿ.ಕಾಂ. ಓದುವ ಮಕ್ಕಳಲ್ಲಿ ಅನೇಕರು ಜೊತೆಗೇ ಸಿಎ ಪರೀಕ್ಷೆಗೂ ಕಟ್ಟಿರುತ್ತಾರೆ. ಸಿಎ ಪರೀಕ್ಷೆ ಬಲು ಕಷ್ಟ, ಪಾಸಾಗುವವರೇ ಕಡಿಮೆ. ಆದರೆ ಅಲ್ಲಿಯ ನಿಯಮ ಸರಳ. ಪ್ರತಿ ಪತ್ರಿಕೆಯಲ್ಲಿ ಶೇ. 40, ಒಂದು ಗ್ರೂಪಿನ ಒಟ್ಟು ಅಂಕದಲ್ಲಿ ಶೇ. 50 ತೆಗೆದರೆ ಪಾಸು. ಪಕ್ಕದವನು 80 ತೆಗೆದ ಎಂದು ನನ್ನ 55 ಕರಗುವುದಿಲ್ಲ. ಹಾಗಾಗಿ ಸಿಎ ಓದುವವರು ಗುಂಪು ಕಟ್ಟಿಕೊಂಡು ಓದುತ್ತಾರೆ. ಜಿಎಸ್‌ಟಿಯ ಒಂದು ಅಧ್ಯಾಯ ಇವನು ಹೇಳಿಕೊಟ್ಟರೆ, ಕಾಸ್ಟಿಂಗ್‌ನ ಒಂದು ಲೆಕ್ಕವನ್ನು ಅವಳು ಬಿಡಿಸಿ ತೋರಿಸುತ್ತಾಳೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಕೈಯಿಂದ ಕೈಗೆ ಹೋಗುತ್ತದೆ.

ಹೆಸರುವಾಸಿ ಬಿಸಿನೆಸ್ ಸ್ಕೂಲುಗಳಲ್ಲಿ ನಡೆಯುವ ಇನ್ನೊಂದು ಲೆಕ್ಕಕ್ಕೆ ಮಕ್ಕಳು 'ರಿಲೇಟಿವ್ ಗ್ರೇಡಿಂಗ್' ಅನ್ನುತ್ತಾರೆ, ಚಿಕ್ಕದಾಗಿ 'ಕರ್ವ್'. ಅಲ್ಲಿ ನೀವು ಎಷ್ಟು ತೆಗೆದಿರಿ ಎನ್ನುವುದಕ್ಕಿಂತ ಎಷ್ಟನೆಯವರು ಎನ್ನುವುದು ಮುಖ್ಯ. ಉದಾಹರಣೆಗೆ, ತರಗತಿಯ ಹತ್ತರಲ್ಲಿ ಒಬ್ಬರಿಗೆ ಮಾತ್ರ 'ಎ' ಎಂದು ಮೊದಲೇ ಕಟ್ಟು ಹಾಕಿದ್ದಾರೆ ಎಂದುಕೊಳ್ಳಿ. ಅರವತ್ತು ಮಕ್ಕಳಲ್ಲಿ ಆರು 'ಎ'. ಏಳನೆಯವಳು ನೂರಕ್ಕೆ 91 ತೆಗೆದರೂ ಅವಳಿಗೆ 'ಬಿ'. ಅವಳು ಮೇಲೆ ಹೋಗಲು ಎರಡೇ ದಾರಿ. ತಾನು ಏರಬೇಕು, ಇಲ್ಲವೇ ಮೇಲಿರುವವರಲ್ಲಿ ಒಬ್ಬರು ಇಳಿಯಬೇಕು. ಇಂಥ ಕಡೆ ನೋಟ್ಸ್ ಕೊಡುವುದೆಂದರೆ ತನ್ನ ಕಾಲಿನ ಕೆಳಗಿನ ಹಲಗೆಯನ್ನು ತಾನೇ ತೆಗೆದುಕೊಟ್ಟಂತೆ ಎಂದು ಮಕ್ಕಳಿಗೆ ಅನ್ನಿಸಿದರೆ ಅದು ಅವರ ತಪ್ಪೇ? ಬೆಳಿಗ್ಗೆ ಕಾಲೇಜಿನಲ್ಲಿ ನೋಟ್ಸ್ ಮುಚ್ಚಿಟ್ಟ ಹುಡುಗಿ ಸಂಜೆ ಸಿಎ ಗುಂಪಿನಲ್ಲಿ ಅದೇ ವಿಷಯವನ್ನು ಇಬ್ಬರಿಗೆ ಹೇಳಿಕೊಡುತ್ತಾಳೆ. ಅವಳ ಗುಣ ಬೆಳಿಗ್ಗೆಯಿಂದ ಸಂಜೆಯೊಳಗೆ ಬದಲಾಗಲಿಲ್ಲ.

ಈ ಕರ್ವ್ ಎಂಬುದು ಎಷ್ಟು ವಿಚಿತ್ರ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಇದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದರು. ತರಗತಿಯಲ್ಲಿ ಅತಿ ಹೆಚ್ಚು ಅಂಕ ಯಾವುದೋ ಅದನ್ನೇ ನೂರಕ್ಕೆ ನೂರು ಎಂದು ಹಿಡಿದು ಉಳಿದವರ ಅಂಕ ಕಟ್ಟುವುದು ಅವರ ಪದ್ಧತಿ. 2012ರ ಕೊನೆಯಲ್ಲಿ ಮಕ್ಕಳು ಲೆಕ್ಕ ಹಾಕಿದರು. ಎಲ್ಲರೂ ಸೊನ್ನೆ ತೆಗೆದರೆ ಅತಿ ಹೆಚ್ಚು ಅಂಕವೂ ಸೊನ್ನೆಯೇ ಅಲ್ಲವೇ? ಅಂದಮೇಲೆ ಸೊನ್ನೆಯೇ ನೂರು. ಪರೀಕ್ಷೆಯ ದಿನ ಎಲ್ಲರೂ ಕೋಣೆಯ ಹೊರಗೆ ನಿಂತರು. ಒಬ್ಬನೇ ಒಬ್ಬ ಒಳಗೆ ಹೋಗಿ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದರೂ ಉಳಿದವರೆಲ್ಲ ನೆಲಕ್ಕೆ ಬೀಳುತ್ತಿದ್ದರು. ಯಾರೂ ಹೋಗಲಿಲ್ಲ. ಮೇಷ್ಟರು ತಾವು ಹಾಕಿದ ನಿಯಮಕ್ಕೆ ತಾವೇ ತಲೆಬಾಗಿ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು, ಆಮೇಲೆ ನಿಯಮ ಬದಲಿಸಿದರು. ಅದು ಬಿಸಿನೆಸ್ ತರಗತಿಯಲ್ಲ, ಕಂಪ್ಯೂಟರ್ ತರಗತಿ. ಆದರೆ ಬಿಸಿನೆಸ್ ಓದುವ ಮಕ್ಕಳು ಕಲಿಯಬೇಕಾದ ಒಪ್ಪಂದದ ಪಾಠ ಆ ಬಾಗಿಲ ಹೊರಗೆ ನಡೆಯಿತು. (ಪ್ರೋಗ್ರಾಮಿಂಗ್ ಎಷ್ಟು ಕಲಿತರು ಎಂಬುದು ಬೇರೆ ಪ್ರಶ್ನೆ.)

ಇನ್ನೊಂದು ಪ್ರಯೋಗ ಬಿಸಿನೆಸ್ ಸ್ಕೂಲಿನದೇ. ಫಿಲಡೆಲ್ಫಿಯಾದಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿ ಕೊಟ್ಟ ಹಣದಿಂದ 1881ರಲ್ಲಿ ಆರಂಭವಾದ ವಾರ್ಟನ್ ಸ್ಕೂಲು, ವಿಶ್ವವಿದ್ಯಾಲಯದ ಮಟ್ಟದಲ್ಲಿ ವ್ಯಾಪಾರದ ಓದನ್ನು ತಂದವುಗಳಲ್ಲಿ ಹಿರಿಯದು. ಅಲ್ಲಿಯ ಪ್ರಾಧ್ಯಾಪಕ ಆಡಮ್ ಗ್ರಾಂಟ್ 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತಮ್ಮ ತರಗತಿಯ ಅನುಭವ ಬರೆದರು. ಅಂಕವನ್ನು ಕೆಳಕ್ಕೆ ಎಳೆಯುವ ಕರ್ವ್ ಅವರಿಗೆ ಬೇಡವಾಗಿತ್ತು. ಪರೀಕ್ಷೆ ಕಷ್ಟವಾಗಿ ಅತಿ ಹೆಚ್ಚಿನ ಅಂಕ 83 ಬಂದರೆ ಎಲ್ಲರಿಗೂ 17 ಸೇರಿಸುತ್ತೇನೆ ಎಂದರು. ಅದಕ್ಕಿಂತ ಜಾಣ ಉಪಾಯ ಇನ್ನೊಂದು. ಅತಿ ಕಷ್ಟದ ಭಾಗದಲ್ಲಿ ಒಂದು ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಇದು ಇಂಥವರಿಗೆ ಗೊತ್ತಿರುತ್ತದೆ ಎಂದು ತರಗತಿಯ ಒಬ್ಬರ ಹೆಸರು ಬರೆಯಬಹುದು. ಆ ವ್ಯಕ್ತಿಯ ಉತ್ತರ ಸರಿಯಾಗಿದ್ದರೆ ಹೆಸರು ಬರೆದವರಿಗೂ ಅಂಕ. ಈಗ ಯಾರಿಗೆ ಏನು ಗೊತ್ತು ಎಂದು ತಿಳಿದಿರಬೇಕಾಯಿತು. ಅದಕ್ಕಾಗಿ ಒಟ್ಟಿಗೆ ಕೂತು ಓದಬೇಕಾಯಿತು. ಓದಿದರು, ತರಗತಿಯ ಸರಾಸರಿಯೂ ಏರಿತು. ಗಮನಿಸಿ, ಒಗ್ಗಟ್ಟಾಗಿರಿ ಎಂಬ ಉಪದೇಶ ಅಲ್ಲಿ ಇರಲಿಲ್ಲ. ಒಂದು ಸಾಲಿನ ನಿಯಮ ಬದಲಾಯಿತು, ಅಷ್ಟೇ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸಲು ಫಿಲಡೆಲ್ಫಿಯಾಕ್ಕೆ ಹೋಗಬೇಕಾಗಿಲ್ಲ. ನೀವೆಲ್ಲ ಚೀಟಿ ಹಾಕಿದವರೇ. ಇಪ್ಪತ್ತು ಜನ, ತಲೆಗೆ 5,000 ರೂಪಾಯಿ, ಒಂದು ಲಕ್ಷದ ಚೀಟಿ. ಮಗಳ ಮದುವೆಗೋ ಬೋರ್‌ವೆಲ್‌ಗೋ ದುಡ್ಡು ಬೇಕಾದವರು ಕೂಗುತ್ತಾರೆ. ಪೈಪೋಟಿ ಜೋರಾಗಿಯೇ ಇರುತ್ತದೆ. ಕೊನೆಗೆ ಒಬ್ಬ 20,000 ಬಿಟ್ಟು 80,000ಕ್ಕೆ ಎತ್ತುತ್ತಾನೆ. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಹೋದರೆ ಉಳಿದ 15,000 ಇಪ್ಪತ್ತು ಪಾಲಾಗಿ, ತಲೆಗೆ 750 ಬರುತ್ತದೆ. ಆ ತಿಂಗಳು ಎಲ್ಲರೂ ಕಟ್ಟುವುದು 4,250 ಮಾತ್ರ. ಕೂಗಿನಲ್ಲಿ ಸೋತವನ ಜೇಬಿಗೂ ಗೆದ್ದವನ ತ್ಯಾಗದ ಪಾಲು ಬಂದಿತು. ಇಲ್ಲಿ ಸ್ಪರ್ಧೆ ಇದೆ, ಆದರೆ ಎಲ್ಲರೂ ಕೊನೆಯ ತಿಂಗಳವರೆಗೂ ಕಟ್ಟಿದರೆ ಮಾತ್ರ ಸ್ಪರ್ಧೆ ನಡೆಯುತ್ತದೆ. ಎದುರಾಳಿ ಮುಳುಗಿದರೆ ನಾನೂ ಮುಳುಗುತ್ತೇನೆ. 1982ರ ಚೀಟಿ ನಿಧಿ ಕಾಯ್ದೆ ಬಂದದ್ದೂ ಹಾಗೆ ಮುಳುಗಿಸುವವರನ್ನು ತಡೆಯಲಿಕ್ಕೇ. ನೋಂದಣಿಯಿಲ್ಲದ ಚೀಟಿಗೆ ಸೇರಿ ಕೈ ಸುಟ್ಟುಕೊಂಡವರು ಈ ಮಾತು ಕೇಳಿ ಮುಖ ಸಿಂಡರಿಸಿರಬಹುದು. ಅವರ ಸಂಕಟ ನನಗೆ ಗೊತ್ತು. ಆದರೂ ಕರ್ವ್‌ಗೂ ಚೀಟಿಗೂ ಇರುವ ಅಂತರ ನೋಡಿ. ಕರ್ವ್‌ನಲ್ಲಿ ಗೆದ್ದವನ ಗೆಲುವಿನಿಂದ ಸೋತವನಿಗೆ ಬರುವುದು ಏನೂ ಇಲ್ಲ.

ಸರಿ, ಕರ್ವ್ ತೆಗೆದುಬಿಟ್ಟರೆ ಎಲ್ಲವೂ ಸರಿಹೋಗುತ್ತದೆಯೇ? ಇಲ್ಲ. ಸಹಕಾರಕ್ಕೆ ತನ್ನದೇ ರೋಗಗಳಿವೆ. ಬಿಬಿಎ ತರಗತಿಯಲ್ಲಿ ಗ್ರೂಪ್ ಪ್ರಾಜೆಕ್ಟ್ ಇಲ್ಲದ ಸೆಮಿಸ್ಟರ್ ಇಲ್ಲ. ಐದು ಜನರ ಗುಂಪು, ಎಲ್ಲರಿಗೂ ಒಂದೇ ಅಂಕ. ಇಬ್ಬರು ದುಡಿಯುತ್ತಾರೆ, ಒಬ್ಬ ಪಿಪಿಟಿಯ ಬಣ್ಣ ಬದಲಿಸುತ್ತಾನೆ, ಉಳಿದಿಬ್ಬರು ಹಿಂದಿನ ರಾತ್ರಿ "ಏನಾದರೂ ಮಾಡಬೇಕಾ?" ಎಂದು ಮೆಸೇಜು ಕಳಿಸುತ್ತಾರೆ. ಮಕ್ಕಳ ಬಾಯಲ್ಲಿ ಇವರಿಗೆ 'ಫ್ರೀ ರೈಡರ್' ಎಂದು ಹೆಸರು. ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್ಮಾನ್ ಎಂಬ ಕೃಷಿ ಇಂಜಿನಿಯರ್ ಇದನ್ನು ಅಳೆದೇ ತೋರಿಸಿದ. ಹಗ್ಗ ಎಳೆಯುವಾಗ ಜನ ಹೆಚ್ಚಿದಂತೆ ಒಬ್ಬೊಬ್ಬನ ಎಳೆತ ಕಡಿಮೆಯಾಗುತ್ತದೆ, ಎಂಟು ಜನ ಸೇರಿದಾಗ ಒಬ್ಬೊಬ್ಬನ ಬಲ ಒಂಟಿಯಾಗಿ ಎಳೆಯುವುದರ ಅರ್ಧಕ್ಕೆ ಇಳಿದಿತ್ತು. ಅವನ ಲೇಖನ ಬಂದದ್ದು 1913ರಲ್ಲಿ.  ಮೇಷ್ಟರುಗಳು ಈ ರೋಗಕ್ಕೆ ಹುಡುಕಿದ ಮದ್ದು ಎಂದರೆ ಗುಂಪಿನವರೇ ಒಬ್ಬರಿಗೊಬ್ಬರು ಗುಟ್ಟಾಗಿ ಅಂಕ ಕೊಡುವುದು. ಆ ಮದ್ದು ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧದಲ್ಲಿ ಗೆಳೆಯರು ಗೆಳೆಯರಿಗೆ ಪೂರ್ತಿ ಅಂಕ ಕೊಟ್ಟುಕೊಳ್ಳುತ್ತಾರೆ.

ಈ 'ಗೆಳೆಯರು' ಎಂಬಲ್ಲಿಯೇ ನಮ್ಮ ಕೆಲಮಂಗಲದ ಮಗುವಿನ ಕಷ್ಟ ಶುರುವಾಗುವುದು.

ಬೆಂಗಳೂರಿನ ದೊಡ್ಡ ಕಾಲೇಜಿಗೆ ಬರುವ ಮಕ್ಕಳಲ್ಲಿ ಒಂದಷ್ಟು ಮಂದಿ ಒಂದೇ ಬಗೆಯ ಶಾಲೆಗಳಿಂದ ಬಂದವರು. ಒಬ್ಬರಿಗೊಬ್ಬರು ಮೊದಲೇ ಪರಿಚಯ, ಇಲ್ಲದಿದ್ದರೆ ಅಣ್ಣ ಅಕ್ಕಂದಿರ ಮೂಲಕ ಪರಿಚಯ. ಮೊದಲ ವಾರದಲ್ಲೇ ಅವರ ವಾಟ್ಸಾಪ್ ಗುಂಪು ಸಿದ್ಧ. ಸೀನಿಯರ್‌ಗಳ ನೋಟ್ಸ್, ಇಂಟರ್ನ್‌ಶಿಪ್‌ನ ಸುಳಿವು, ಯಾವ ಕ್ಲಬ್ಬಿನ ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬ ಮಾಹಿತಿ ಎಲ್ಲ ಅಲ್ಲಿ ಹರಿಯುತ್ತದೆ. ಒಳಗಿರುವವರಿಗೆ ಅದು ಸಹಕಾರವೇ. ಆ ಮಕ್ಕಳು ಎಷ್ಟು ಪ್ರೀತಿಯಿಂದ ಒಬ್ಬರಿಗೊಬ್ಬರು ನೆರವಾಗುತ್ತಾರೆ ಎಂದು ನೋಡಿ ಮೆಚ್ಚಿದ್ದೇನೆ. ಆದರೆ ಹೊರಗಿರುವವಳಿಗೆ ಅದೇ ಗುಂಪು ಗೋಡೆ. ಹಣಕಾಸಿನ ಕ್ಲಬ್ಬಿನಲ್ಲಿ ಇಪ್ಪತ್ತು ಜಾಗ, ಅರ್ಜಿ ಹಾಕಿದವರು ನೂರು. ಆರಿಸುವವರು ಕಳೆದ ವರ್ಷದ ಮಕ್ಕಳು. ಅವರಿಗೆ ತಮ್ಮ ಹಾಗೆ ಮಾತನಾಡುವವರೇ ಚುರುಕಾಗಿ ಕಾಣುತ್ತಾರೆ. ಕರ್ವ್ ಎಲ್ಲರನ್ನೂ ಎಲ್ಲರ ಮೇಲೂ ಬಿಡುತ್ತದೆ. ಈ ಗುಂಪುಗಳು ಒಟ್ಟಾಗಿ ಹೊರಗಿನವರ ಮೇಲೆ ಬೀಳುತ್ತವೆ. ಯಾವುದು ಹೆಚ್ಚು ನೋವು ಕೊಡುತ್ತದೆ ಎಂದು ನನ್ನನ್ನು ಕೇಳಿದರೆ ಎರಡನೆಯದೇ ಅನ್ನುತ್ತೇನೆ, ಏಕೆಂದರೆ ಅದಕ್ಕೆ ಯಾರೂ ಸ್ಪರ್ಧೆ ಎಂದು ಹೆಸರಿಟ್ಟಿರುವುದಿಲ್ಲ.

ನಮ್ಮ ಮಗುವಿಗೆ ಏನೂ ಇಲ್ಲವೇ? ಇದೆ, ಬೇಕಾದಷ್ಟಿದೆ. ಮನೆಯಲ್ಲಿ ಕನ್ನಡ, ನೆರೆಯವರ ಜೊತೆ ತೆಲುಗು, ಶಾಲೆಯಲ್ಲಿ ತಮಿಳು, ಅಂಗಡಿ ಬೀದಿಯಲ್ಲಿ ಉರ್ದು ಕಿವಿಗೆ ಬಿದ್ದು ಬೆಳೆದ ಮಗು ಅದು. ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದ 2006ರ ತಮಿಳು ಕಲಿಕಾ ಕಾಯ್ದೆ ಬಂದ ಮೇಲೆ ಕನ್ನಡ ಮನೆಮಾತಿನ ಮಕ್ಕಳು ಪಟ್ಟ ಪಾಡು ನಿಮಗೆ ಗೊತ್ತು. ಆ ಕಷ್ಟದಲ್ಲೂ ಒಂದು ಲಾಭ ಇದೆ. ಮಾರ್ಕೆಟಿಂಗ್ ಪ್ರಾಜೆಕ್ಟಿಗೆಂದು ಕಲಾಸಿಪಾಳ್ಯದಲ್ಲೋ ಚಿಕ್ಕಪೇಟೆಯಲ್ಲೋ ನಲವತ್ತು ಅಂಗಡಿಯವರನ್ನು ಮಾತನಾಡಿಸಿ ಬರಬೇಕಾದಾಗ ಗುಂಪಿಗೆ ನೆನಪಾಗುವುದು ಇವನೇ. ಹೋಗುತ್ತಾನೆ, ಅಂಗಡಿಯವರ ಜೊತೆ ಅವರವರ ಭಾಷೆಯಲ್ಲಿ ಮಾತಾಡಿ, ಬಿಲ್ಲು ತೋರಿಸಲು ಒಪ್ಪಿಸಿ ಬರುತ್ತಾನೆ. ಮರುದಿನ ವೇದಿಕೆಯಲ್ಲಿ ಚೆನ್ನಾಗಿ ಇಂಗ್ಲಿಷ್ ಬರುವ ಇನ್ನೊಬ್ಬ ಆ ಅಂಕಿಗಳನ್ನು ವಿವರಿಸುತ್ತಾನೆ. ಮೇಷ್ಟರು ಪ್ರಶ್ನೆ ಕೇಳುವುದು ಮಾತನಾಡಿದವನನ್ನು. ಇವನು ಕೊನೆಯಲ್ಲಿ ನಿಂತು ಲ್ಯಾಪ್‌ಟಾಪಿನ ಬಟನ್ ಒತ್ತುತ್ತಿರುತ್ತಾನೆ. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ, ಎಲ್ಲರೂ ತಮಗೆ ಬರುವ ಕೆಲಸವನ್ನೇ ಮಾಡಿದ್ದಾರೆ. ಮೇಷ್ಟರಾದವರು "ಈ ಅಂಗಡಿಗಳಿಗೆ ಹೋದವರು ಯಾರು? ಅವರೇ ಹೇಳಲಿ" ಎಂದು ಒಂದು ಮಾತು ಕೇಳಿದರೆ ಚಿತ್ರ ಬದಲಾಗುತ್ತದೆ. ನಾವು ಕೇಳುವುದು ಕಡಿಮೆ.

ಇನ್ನು ಸಹಕಾರ, ಸ್ಪರ್ಧೆಯ ವಿಷಯದಲ್ಲಿ ದೊಡ್ಡ ವ್ಯಾಪಾರಸ್ಥರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಬೇಕಾದರೆ ಹೊಸೂರಿನ ಕಾರ್ಖಾನೆಗಳ ಕಡೆಗೇ ನೋಡಬಹುದು. ಟಿವಿಎಸ್ ಕಂಪನಿ ಜಪಾನಿನ ಸುಜುಕಿಯ ಜೊತೆ 1982ರಲ್ಲಿ ಒಪ್ಪಂದ ಮಾಡಿಕೊಂಡಿತು, 1984ರಲ್ಲಿ ಇಬ್ಬರ 100 ಸಿಸಿ ಬೈಕು ರಸ್ತೆಗೆ ಬಂತು. 2001ರಲ್ಲಿ ಇಬ್ಬರೂ ಬೇರೆಯಾದರು. ಬೇರೆಯಾದ ಮೇಲೆ ಒಂದೇ ಮಾರುಕಟ್ಟೆಯಲ್ಲಿ ಎದುರಾಳಿಗಳು. ಆ ಹೊತ್ತಿಗೆ ಟಿವಿಎಸ್‌ನವರು ತಮ್ಮದೇ ಬೈಕು ತಾವೇ ರೂಪಿಸುವಷ್ಟು ಕಲಿತಿದ್ದರು. 2013ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಮೋಟರಾಡ್ ಜೊತೆ ಇನ್ನೊಂದು ಒಪ್ಪಂದ. ಬಿಎಂಡಬ್ಲ್ಯು ಜಿ 310 ಬೈಕು ತಯಾರಾದದ್ದು ನಮ್ಮ ಹೊಸೂರಿನಲ್ಲೇ. ಅದೇ ಎಂಜಿನ್ನಿನ ಬುನಾದಿಯ ಮೇಲೆ ಟಿವಿಎಸ್ 2017ರಲ್ಲಿ ತನ್ನ ಅಪಾಚೆ ಆರ್‌ಆರ್ 310 ಬಿಟ್ಟಿತು. ತಯಾರಿಸುವಾಗ ಜೊತೆ, ಶೋರೂಮಿನಲ್ಲಿ ಗಿರಾಕಿ ಬಂದಾಗ ಬೇರೆ ಬೇರೆ. ಕೆಲಮಂಗಲದಿಂದ ಶಿಫ್ಟಿನ ಬಸ್ಸು ಹತ್ತುವ ನಮ್ಮ ಹುಡುಗರಿಗೆ ಇದು ದಿನದ ಕೆಲಸ, ಬಿಸಿನೆಸ್ ಸ್ಕೂಲಿನಲ್ಲಿ ಅದೇ 'ಕೇಸ್ ಸ್ಟಡಿ'. ಇಲ್ಲಿ ಗಮನಿಸಬೇಕಾದದ್ದು ಎಂದರೆ ಒಪ್ಪಂದದಲ್ಲಿ ಯಾರ ಪಾಲು ಏನು ಎಂದು ಬರೆದಿರುತ್ತದೆ. ಐದು ಮಕ್ಕಳ ಗ್ರೂಪ್ ಪ್ರಾಜೆಕ್ಟಿನಲ್ಲಿ ಅಂಥ ಕಾಗದ ಬರೆಸುವ ಮೇಷ್ಟರು ಅಪರೂಪ.

ಕೊನೆಯ ಸೆಮಿಸ್ಟರಿನ ಮಾತು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ರಾಬರ್ಟ್ ಆಕ್ಸೆಲ್‌ರಾಡ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞ ಸುಮಾರು 1980ರಲ್ಲಿ ಕಂಪ್ಯೂಟರಿನ ಮೇಲೆ ಎರಡು ಪಂದ್ಯ ನಡೆಸಿದ. ಇಬ್ಬರು ಆಟಗಾರರು, ಪ್ರತಿ ಸುತ್ತಿನಲ್ಲಿ ಸಹಕರಿಸಬಹುದು ಅಥವಾ ಕೈಕೊಡಬಹುದು, ಆಟ ಮತ್ತೆ ಮತ್ತೆ ನಡೆಯುತ್ತದೆ. ಮೊದಲ ಪಂದ್ಯಕ್ಕೆ 14 ತಂತ್ರಗಳು ಬಂದವು, ಎರಡನೆಯದಕ್ಕೆ 62. ಎರಡರಲ್ಲೂ ಗೆದ್ದದ್ದು ಅನಟೋಲ್ ರಾಪಪೋರ್ಟ್ ಕಳಿಸಿದ ಅತ್ಯಂತ ಚಿಕ್ಕ ತಂತ್ರ. ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸುತ್ತಿನಲ್ಲಿ ಏನು ಮಾಡಿದನೋ ಅದನ್ನೇ ಮಾಡು. ನಾಳೆಯೂ ಇದೇ ಮುಖವನ್ನು ನೋಡಬೇಕು ಎಂಬ ಅರಿವಿದ್ದಾಗ ಈ ತಂತ್ರ ನಡೆಯುತ್ತದೆ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳಿಗೆ ಆ ಅರಿವಿರುತ್ತದೆ. ಹಾಗಾಗಿ ಮೊದಲ ನಾಲ್ಕು ಸೆಮಿಸ್ಟರ್ ಹೇಗೋ ಸಾಗುತ್ತವೆ. ಪ್ಲೇಸ್‌ಮೆಂಟ್ ಶುರುವಾದಾಗ ನಾಳೆ ಎಂಬುದು ಮಸುಕಾಗುತ್ತದೆ. ದೊಡ್ಡ ಲೆಕ್ಕಪತ್ರ ಕಂಪನಿಯೊಂದು ಎಂಟು ಜನರನ್ನು ಬೇಕೆಂದು ಬರುತ್ತದೆ, ಅರ್ಹರು ಮೂವತ್ತು. ಸಂದರ್ಶನ ಮುಗಿಸಿ ಹೊರಗೆ ಬಂದವನನ್ನು ಗೆಳೆಯ "ಏನು ಕೇಳಿದರೋ?" ಎಂದರೆ "ಅಂಥದ್ದೇನಿಲ್ಲ ಮಗಾ, ಸುಮ್ಮನೆ ಮಾತಾಡಿಸಿದರು" ಎಂಬ ಉತ್ತರ ಬರುತ್ತದೆ. ಈ ಸ್ಪರ್ಧೆಯನ್ನು ನಾನು ಕರ್ವ್‌ನ ಜೊತೆ ಸೇರಿಸುವುದಿಲ್ಲ. ಎಂಟು ಕೆಲಸ ಎಂದರೆ ಎಂಟೇ, ಅದು ನಿಜವಾದ ಕೊರತೆ. ತರಗತಿಯಲ್ಲಿ ಆರೇ 'ಎ' ಎಂಬುದು ನಾವು, ಮೇಷ್ಟರುಗಳು, ಕೂತು ಕಟ್ಟಿದ ಕೊರತೆ. ಲೋಕ ಹೇಗಿದೆಯೋ ಹಾಗೆ ಮಕ್ಕಳನ್ನು ತಯಾರು ಮಾಡುತ್ತಿದ್ದೇವೆ ಎಂದು ಕರ್ವ್‌ನ ಪರವಾಗಿ ವಾದಿಸುವವರಿದ್ದಾರೆ. ಒಂದಷ್ಟು ನಿಜವೂ ಇದೆ. ಎಲ್ಲರಿಗೂ 95 ಕೊಟ್ಟು ಕಳಿಸಿದರೆ ಅಂಕಪಟ್ಟಿ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಆದರೆ ಆರಿಸುವುದು ಕಂಪನಿಯ ಕೆಲಸ, ಕಲಿಸುವುದು ಕಾಲೇಜಿನ ಕೆಲಸ. ಎರಡನ್ನೂ ಕಾಲೇಜೇ ಹೊತ್ತುಕೊಂಡರೆ ಮೊದಲು ಸೊರಗುವುದು ಕಲಿಕೆ.

ಹಾಗಾಗಿ ಈ ಜೂನ್‌ನಲ್ಲಿ ಮಗನನ್ನೋ ಮಗಳನ್ನೋ ಕರೆದುಕೊಂಡು ಅಡ್ಮಿಷನ್ ಕೌಂಟರಿನ ಮುಂದೆ ನಿಲ್ಲುವ ತಂದೆತಾಯಿಗಳು ಪ್ಲೇಸ್‌ಮೆಂಟಿನ ಅಂಕಿ ಕೇಳಿದ ಮೇಲೆ ಇನ್ನೂ ಎರಡು ಪ್ರಶ್ನೆ ಕೇಳಬಹುದು. ಅಂಕ ಕೊಡುವುದು ಅವರವರ ಉತ್ತರ ನೋಡಿಯೋ, ಎಷ್ಟನೆಯವರು ಎಂದು ನೋಡಿಯೋ? ಪ್ರಾಜೆಕ್ಟಿನ ಗುಂಪನ್ನು ಮೇಷ್ಟರು ಮಾಡುತ್ತಾರೋ, ಮಕ್ಕಳೇ ಮಾಡಿಕೊಳ್ಳುತ್ತಾರೋ? ಮಕ್ಕಳೇ ಮಾಡಿಕೊಳ್ಳುವುದಾದರೆ ನಿಮ್ಮ ಮಗು ಮೊದಲ ಸೆಮಿಸ್ಟರಿನಲ್ಲಿ ಯಾರೂ ಸೇರಿಸಿಕೊಳ್ಳದೆ ಉಳಿದವರ ಗುಂಪಿಗೆ ಬೀಳುವುದು ಹೆಚ್ಚುಕಡಿಮೆ ಖಚಿತ. ಅದರಿಂದ ಎದೆಗುಂದಬೇಡಿ. ಆ ಉಳಿದವರ ಗುಂಪಿನಲ್ಲಿ ಚಾಮರಾಜನಗರದವಳು, ಕಾಸರಗೋಡಿನವನು, ಮಡಕಶಿರಾದವನು ಸಿಗುತ್ತಾರೆ. ಅವರಿಗೂ ಸೀನಿಯರ್‌ಗಳ ನೋಟ್ಸ್ ಸಿಕ್ಕಿರುವುದಿಲ್ಲ. ತಾವೇ ಬರೆದುಕೊಂಡು ಹಂಚಿಕೊಳ್ಳಬೇಕಾಗುತ್ತದೆ. ಅಂಥ ಗುಂಪುಗಳು ಎರಡನೆಯ ವರ್ಷದ ಹೊತ್ತಿಗೆ ತರಗತಿಯ ಮುಂದಿನ ಸಾಲಿಗೆ ಬಂದದ್ದನ್ನು ನಾನು ಕಂಡಿದ್ದೇನೆ. ಬಂದ ಮೇಲೆ ಅವರೂ ಒಂದು ವಾಟ್ಸಾಪ್ ಗುಂಪು ಮಾಡಿ, ಹೊಸಬರನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದ್ದನ್ನೂ ಕಂಡಿದ್ದೇನೆ.